ಮಾವನವರ ಕಾರಿನ ಹಿಂದಿನ ಸೀಟು

ಹೆದರಿಕೆಯಲ್ಲಿ ಎರಡು ಬಗೆ ಇವೆ. ಗೊತ್ತಿಲ್ಲದ್ದಕ್ಕೆ ಹೆದರುವುದು ಒಂದು, ಗೊತ್ತಿದ್ದು ಹೆದರುವುದು ಇನ್ನೊಂದು. ಮೊದಲನೆಯದಕ್ಕೆ ಔಷಧಿ ಇದೆ. ಕತ್ತಲೆಗೆ ಹೆದರುವವರ ಕೈಗೆ ಒಂದು ಬ್ಯಾಟರಿ ಕೊಟ್ಟರೆ ಮುಗಿಯಿತು. ಎರಡನೆಯದಕ್ಕೆ ಔಷಧಿಯಿಲ್ಲ, ತಿಳಿದಷ್ಟೂ ಅದು ಹೆಚ್ಚಾಗುತ್ತದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಚಲಿಸುತ್ತಿರುವ ವಸ್ತು ತಾನಾಗಿ ನಿಲ್ಲುವುದಿಲ್ಲ, ಹೊರಗಿನಿಂದ ಏನಾದರೂ ಬಂದು ಅದನ್ನು ತಡೆಯಬೇಕು ಎಂದು ಒಂಬತ್ತನೇ ತರಗತಿಯ ಮಕ್ಕಳಿಗೆ ಇಪ್ಪತ್ತೈದು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಆ ಪಾಠವನ್ನು ನನ್ನಷ್ಟು ಮನಮುಟ್ಟುವಂತೆ ಹೇಳುವವರು ತಾಲೂಕಿನಲ್ಲೇ ಇಲ್ಲವೆಂದು ನಮ್ಮ ಮುಖ್ಯೋಪಾಧ್ಯಾಯರು ಹೊಗಳುತ್ತಾರೆ. ಅದಕ್ಕೆ ಕಾರಣ ನನ್ನ ವಿದ್ವತ್ತಲ್ಲ. ಏಳು ವರ್ಷ ನಾನು ದಿನಾ ಬೆಳಿಗ್ಗೆ ಒಂದು ಕಾರಿನ ಹಿಂದಿನ ಸೀಟಿನಲ್ಲಿ ಆ ಪಾಠವನ್ನು ಅನುಭವಿಸಿ, ಅಲ್ಲಿಂದ ನೇರವಾಗಿ ತರಗತಿಯೊಳಗೆ ಹೋಗುತ್ತಿದ್ದೆ. ಆ ಕಾರು ನಡೆಸುತ್ತಿದ್ದವರು ನನ್ನ ಮಾವನವರು. ಅವರಿಗೆ ಈಗ ಎಂಬತ್ತಾರು ವರ್ಷ.

ಇದು ಶುರುವಾದದ್ದು ಹೇಗೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪೆಲ್ಲ ಅವರದೇ ಎಂದು ನೀವು ತಿಳಿದೀರಿ. ನಮ್ಮದು ಅಣ್ಣಿಗೇರಿ ಕಡೆಯ ಒಂದು ಹಳ್ಳಿ. ನಾನು ಕಲಿಸುವ ಶಾಲೆ ಇರುವುದು ಹುಬ್ಬಳ್ಳಿ–ಗದಗ ರಸ್ತೆಯ ಆಚೆಗಿನ ಇನ್ನೊಂದು ಹಳ್ಳಿಯಲ್ಲಿ. ನಡುವೆ ಒಂಬತ್ತು ಕಿಲೋಮೀಟರು. ಬಸ್ಸು ಎಂಟಕ್ಕೊಂದು, ಹನ್ನೊಂದಕ್ಕೊಂದು; ಶಾಲೆ ಹತ್ತಕ್ಕೆ. ಎಂಟರ ಬಸ್ಸಿಗೆ ಹೋದರೆ ಬೀಗ ತೆಗೆಯುವವನಿಗಿಂತ ಮೊದಲು ಹೋಗಿ ಗೇಟಿನ ಮುಂದೆ ನಾಯಿಗಳ ಜೊತೆ ನಿಲ್ಲಬೇಕು. ಅದಕ್ಕಾಗಿ ಸ್ಕೂಟರ್ ಇಟ್ಟುಕೊಂಡಿದ್ದೆ. ಒಂದು ಮಳೆಗಾಲದಲ್ಲಿ, ಹೊಲದಿಂದ ಬಂದ ಟ್ರ್ಯಾಕ್ಟರುಗಳ ಗಾಲಿಗಳು ಟಾರಿನ ಮೇಲೆಲ್ಲ ಎರೆಮಣ್ಣು ಮೆತ್ತಿಬಿಟ್ಟಿದ್ದವು. ಒದ್ದೆ ಎರೆಮಣ್ಣಿನ ಮೇಲೆ ಘರ್ಷಣೆ ಎಷ್ಟು ಕಡಿಮೆ ಎಂಬುದನ್ನು ನಾನು ಬಿದ್ದು ಕಂಡುಕೊಂಡೆ. ಬಲಗೈ ಮುರಿಯಿತು. ಕೈ ಕೂಡಿಕೊಂಡ ಮೇಲೂ ಸ್ಕೂಟರ್ ಮುಟ್ಟುವ ಧೈರ್ಯ ಬರಲಿಲ್ಲ. ನಮ್ಮ ಮನೆಯವರಿಗೆ ಹುಬ್ಬಳ್ಳಿಯಲ್ಲಿ ನೌಕರಿ. ಬೆಳಗಿನ ರೈಲು ಹಿಡಿಯಲು ಆರೂವರೆಗೇ ಮನೆ ಬಿಡುತ್ತಾರೆ. ಆಗ ಮಾವನವರು ಪಡಸಾಲೆಯಲ್ಲಿ ಕುಳಿತಲ್ಲಿಂದಲೇ, ಎಂಟು ದಿನ ತಾವು ಬಿಟ್ಟುಬರುವುದಾಗಿ ಹೇಳಿದರು. ಆ ಎಂಟು ದಿನ ಏಳು ವರ್ಷವಾಯಿತು.

ಮಾವನವರು ಸುತ್ತಲಿನ ನಾಲ್ಕು ಊರುಗಳಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ದುಡಿದವರು. ನಿವೃತ್ತರಾದ ಮೇಲೆ ಒಂದು ಸಣ್ಣ ಬಿಳಿ ಕಾರು ಕೊಂಡು, ಒಬ್ಬ ಟ್ರ್ಯಾಕ್ಟರ್ ಡ್ರೈವರನ ಹತ್ತಿರ ಅದನ್ನು ನಡೆಸಲು ಕಲಿತರು. ಅದಕ್ಕೇ ಇರಬೇಕು, ಅವರಿಗೆ ಎರಡನೇ ಗೇರಿನ ಮೇಲೆ ಬಹಳ ನಂಬಿಕೆ, ಮತ್ತು ರಸ್ತೆಯ ನಟ್ಟನಡುವೆ ಹೋಗುವುದೇ ಕ್ಷೇಮವೆಂಬ ತಿಳುವಳಿಕೆ. ಕಾರು ಹತ್ತುವ ಮೊದಲು ಧೋತರದ ಚುಂಗನ್ನು ಕ್ಲಚ್ಚಿಗೆ ಸಿಕ್ಕದಂತೆ ಎತ್ತಿ ಕಟ್ಟುತ್ತಾರೆ, ಟೋಪಿ ಸರಿಪಡಿಸಿಕೊಳ್ಳುತ್ತಾರೆ, ಸ್ಟೇರಿಂಗಿಗೆ ಕೈಮುಗಿಯುತ್ತಾರೆ. ನಾನೂ ಹಿಂದೆ ಕುಳಿತು ಕೈಮುಗಿಯುತ್ತಿದ್ದೆ. ಇಬ್ಬರೂ ಮುಗಿಯುತ್ತಿದ್ದದ್ದು ಒಂದೇ ದೇವರಿಗೆ, ಬೇಡಿಕೊಳ್ಳುತ್ತಿದ್ದದ್ದು ಮಾತ್ರ ಬೇರೆ ಬೇರೆ ಇದ್ದೀತು. ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ. ಇನ್ನೊಂದು ಇನ್ನೂ ಪೂರ್ತಿ ಬಲಿತಿಲ್ಲವೆಂದು ಅವರ ಹೇಳಿಕೆ. ಬಲಿಯುವ ತನಕ ನಾನು ಆ ಕಣ್ಣಿನ ಬದಿಗೆ ಬರುವ ವಾಹನಗಳನ್ನು ಎಣಿಸುತ್ತ ಕೂರುತ್ತಿದ್ದೆ.

ಆದರೆ ನನ್ನ ಹೆದರಿಕೆಯ ಮೂಲ ಕಣ್ಣಲ್ಲ, ಕೈ. ನಮ್ಮ ಕಡೆ ಹಿರಿಯರು ಎದುರಾದರೆ ಎರಡೂ ಕೈ ಜೋಡಿಸಿ ಶರಣು ಅನ್ನಬೇಕು. ಅವರೂ ಎರಡೂ ಕೈ ಜೋಡಿಸಿ ಶರಣಾರ್ಥಿ ಅನ್ನುತ್ತಾರೆ. ಒಂದೇ ಕೈ ಎತ್ತಿದರೆ ಅದು ಕಂಡಕ್ಟರನಿಗೆ ಸನ್ನೆ ಮಾಡಿದ ಹಾಗೆ, ಮರ್ಯಾದೆಯಲ್ಲ. ಮಾವನವರು ನಾಲ್ಕು ಊರಿಗೆ ಅಕ್ಷರ ಕಲಿಸಿದವರು. ನಮ್ಮ ಮನೆಯಿಂದ ಹೆದ್ದಾರಿಯ ತನಕ ಹೊಲಕ್ಕೆ ಹೊರಟವರು, ಹಾಲಿನ ಕ್ಯಾನಿನವರು, ಎಮ್ಮೆ ಹೊಡೆದುಕೊಂಡು ಹೋಗುವವರು, ಅರ್ಧಕ್ಕರ್ಧ ಅವರ ಶಿಷ್ಯರು, ಉಳಿದರ್ಧ ಶಿಷ್ಯರ ಮಕ್ಕಳು. ಪ್ರತಿಯೊಬ್ಬರೂ ನಿಂತು, ಎರಡೂ ಕೈ ಜೋಡಿಸಿ, ಶರಣ್ರೀ ಗುರುಗಳ ಅನ್ನುತ್ತಿದ್ದರು. ಮಾವನವರೂ ಎರಡೂ ಕೈ ಜೋಡಿಸುತ್ತಿದ್ದರು. ಆಗ ಸ್ಟೇರಿಂಗು ಯಾರ ಕೈಯಲ್ಲೂ ಇರುತ್ತಿರಲಿಲ್ಲ. ಒಂದು ಶರಣಾರ್ಥಿಗೆ ಎರಡು ಸೆಕೆಂಡು ಹಿಡಿಯುತ್ತದೆ. ಆ ವೇಗದಲ್ಲಿ ಎರಡು ಸೆಕೆಂಡಿಗೆ ಕಾರು ಎಷ್ಟು ಮೀಟರು ಹೋಗುತ್ತದೆಂದು ನನಗೆ ಬಾಯಿಪಾಠವಾಗಿತ್ತು. ಸೋಮವಾರ ಸಂತೆಗೆ ಹೋಗುವ ಮಂದಿ ಹೆಚ್ಚು. ಆ ದಿನ ಒಂಬತ್ತು ಕಿಲೋಮೀಟರಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋಮೀಟರು ನಮ್ಮ ಕಾರು ದೇವರ ಮೇಲೆ ಭಾರ ಹಾಕಿ ಹೋಗುತ್ತಿತ್ತು. ಉಳಿದ ಹೊತ್ತಿನಲ್ಲಿ ಮಾವನವರು ತಿರುವಿಗೆ ಇಂಡಿಕೇಟರ್ ಹಾಕದೆ ಕಿಟಕಿಯಿಂದ ಬಲಗೈ ಹೊರಗೆ ಚಾಚುತ್ತಿದ್ದರು, ಏಕೆಂದರೆ ಅವರು ಕಲಿತದ್ದು ಹಾಗೆ.

ಕಡಲೆ ಸುಗ್ಗಿ ಬಂತೆಂದರೆ ಇನ್ನೊಂದು ಫಜೀತಿ. ನಮ್ಮ ರೈತರು ಕಿತ್ತು ತಂದ ಕಡಲೆ ಗಿಡವನ್ನು ಟಾರ್ ರಸ್ತೆಯ ಮೇಲೆ ಮೊಣಕಾಲುದ್ದ ಹರವುತ್ತಾರೆ. ಹೋಗಿ ಬರುವ ಗಾಡಿಗಳು ತುಳಿದು ಕಾಳು ಬಿಡಿಸಿಕೊಡಬೇಕು. ಒಣಗಿದ ಗಿಡದ ಮೇಲೆ ಕಾರು ಜಾರುತ್ತದೆ, ಅಡಿಯಲ್ಲಿ ಹೊಟ್ಟು ಸಿಕ್ಕಿಕೊಂಡು ಕಾವಿಗೆ ಬೆಂಕಿ ಹತ್ತಿದ್ದೂ ಉಂಟು. ಬೇರೆಯವರು ಬೈದುಕೊಳ್ಳುತ್ತ ದಾಟಿಹೋಗುತ್ತಾರೆ. ನಮ್ಮ ಕಾರು ಕಂಡರೆ ಮಾತ್ರ ರೈತ ಓಡಿಬಂದು, ಗುರುಗಳ, ಇನ್ನೊಂದು ಸುತ್ತು ಹೊಡೀರಲ್ಲ ಎಂದು ಕೇಳುತ್ತಿದ್ದ. ಶಿಷ್ಯ ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲವೆನ್ನುವವರಲ್ಲ ನಮ್ಮ ಮಾವನವರು. ಕಾರು ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಹೋಗುತ್ತಿತ್ತು. ನಾನು ಸೀರೆಯ ಸೆರಗು ತಲೆಯ ಮೇಲೆ ಎಳೆದುಕೊಂಡು, ಕೆಳಗೆ ಎಲ್ಲಾದರೂ ಹೊಗೆಯ ವಾಸನೆ ಬರುತ್ತದೋ ಎಂದು ಮೂಗು ಅರಳಿಸಿ ಕೂತಿರುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ತಡವಾದ ಕಾರಣ ಬರೆಯುವ ಕಡೆ ಕಡಲೆ ಒಕ್ಕಣೆ ಎಂದು ಬರೆದ ವಿಜ್ಞಾನ ಶಿಕ್ಷಕಿ ನಾನೊಬ್ಬಳೇ ಇದ್ದೇನು.

ಇಷ್ಟೆಲ್ಲ ಹೆದರುವವಳು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನಾನು ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೇಳು ವರ್ಷವಾಯಿತು. ಮಾವನ ಎದುರಿಗೆ ಸೊಸೆ ಇಲ್ಲ ಅನ್ನಬಾರದು ಎಂಬುದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಬರೆದಿಟ್ಟಿದ್ದರೆ ಮುರಿಯಬಹುದಿತ್ತು. ನಮ್ಮ ಅತ್ತೆಯವರು ಬಂದ ಹೊಸದರಲ್ಲಿ ಕಲಿಸಿದ ಉಪಾಯವೆಂದರೆ, ಮಾವನವರಿಗೆ ಹೇಳಬೇಕಾದದ್ದನ್ನು ಪಡಸಾಲೆಯ ಕಂಬಕ್ಕೆ ಹೇಳುವುದು. ಜೋಳದ ಹಿಟ್ಟು ತೀರಿದ ಹಾಗೆ ಕಾಣಸ್ತದ ಎಂದು ಕಂಬಕ್ಕೆ ಹೇಳಿದರೆ, ಸಂಜೆಯೊಳಗೆ ಮಾವನವರು ಗಿರಣಿಗೆ ಹೋಗಿಬರುತ್ತಿದ್ದರು. ಕಾರಿನಲ್ಲಿ ಕಂಬ ಎಲ್ಲಿಂದ ಬರಬೇಕು? ನಾನು ಕಿಟಕಿಯ ಗಾಜಿಗೆ ಹೇಳುತ್ತಿದ್ದೆ. ಎದುರಿಗೆ ಟ್ರ್ಯಾಕ್ಟರ್ ಬಂದ ಹಾಗೆ ಕಾಣುತ್ತದೆ ಎಂದು ಗಾಜಿಗೆ ಹೇಳುತ್ತಿದ್ದೆ, ಈ ಎಮ್ಮೆ ಸರಿಯುವ ಲಕ್ಷಣವಿಲ್ಲ ಎಂದು ಗಾಜಿಗೆ ಹೇಳುತ್ತಿದ್ದೆ. ಕಂಬಕ್ಕೆ ಹೇಳಿದ್ದು ಸಂಜೆಗೆ ಮುಟ್ಟಿದರೆ ನಡೆಯುತ್ತದೆ. ಗಾಜಿಗೆ ಹೇಳಿದ್ದು ಎರಡು ಸೆಕೆಂಡಿನಲ್ಲಿ ಮುಟ್ಟಬೇಕು, ಮುಟ್ಟುತ್ತಿರಲಿಲ್ಲ. ಇನ್ನು ಅತ್ತೆಯವರು? ಅವರು ಒಂದೇ ಒಂದು ಸಲ ಆ ಕಾರಿನಲ್ಲಿ ಕೂತಿದ್ದರಂತೆ. ಅಂದಿನಿಂದ ಅವರಿಗೆ ಮೊಣಕಾಲು ಮಡಚಲು ಬರುವುದಿಲ್ಲ. ದೇವರ ಮನೆಯಲ್ಲಿ ಮಾತ್ರ ಬರುತ್ತದೆ.

ವಯಸ್ಸಾದವರು ಗಾಡಿ ಹೊಡೆಯಬೇಕೋ ಬಾರದೋ ಎಂಬ ಬಗ್ಗೆ ನಮ್ಮ ಮನೆಯವರಿಗೆ ಬಹಳ ವಿಚಾರವಿದೆ. ರೈಲಿನಲ್ಲಿ ಹೋಗುವವರಿಗೆ ವಿಚಾರ ಮಾಡಲು ಹೊತ್ತು ಸಿಗುತ್ತದೆ. ಮೂರು ಮಂದಿ ಕೂತು ಒಂದೇ ಬೈಕಿನಲ್ಲಿ ಹಾರುವ ಹುಡುಗರಿಗಿಂತ ಅಪ್ಪನೇ ಎಷ್ಟೋ ವಾಸಿ, ಅವರು ಇಪ್ಪತ್ತರ ಮೇಲೆ ಹೋಗುವುದೇ ಇಲ್ಲ ಎಂದು ಅವರ ವಾದ. ಅದು ಸುಳ್ಳಲ್ಲ. ನಾನೂ ಎಷ್ಟೋ ದಿನ ಅದನ್ನೇ ಮನಸ್ಸಿಗೆ ಹೇಳಿಕೊಂಡಿದ್ದೇನೆ. ಆದರೆ ನಾವು ಇಪ್ಪತ್ತರಲ್ಲಿ ಹೋದರೆ ಎದುರಿನವನೂ ಇಪ್ಪತ್ತರಲ್ಲಿ ಬರಬೇಕೆಂದು ಕಾಯಿದೆ ಇಲ್ಲವಲ್ಲ. ಹಾಗಾದರೆ ನೀವೇ ನಿಮ್ಮ ಅಪ್ಪನಿಗೆ ಹೇಳಿರಿ ಎಂದರೆ, ಚಪ್ಪಲಿ ಹುಡುಕುತ್ತ ಹೊರಗೆ ಹೋಗುತ್ತಿದ್ದರು. ಮಾವನವರಿಗೆ ಆ ಕಾರು ಬರೀ ಕಾರಲ್ಲವೆಂಬುದು ನಮಗಿಬ್ಬರಿಗೂ ಗೊತ್ತಿತ್ತು. ದಿನಾ ಒಂದು ತಾಸು ಅವರು ಮತ್ತೆ ನಾಲ್ಕು ಊರಿನ ಗುರುಗಳಾಗುತ್ತಿದ್ದರು. ಕೀಲಿಕೈ ಕೇಳುವುದೆಂದರೆ ಅದನ್ನು ಕೇಳಿದ ಹಾಗೆ.

ಸರಕಾರವಾದರೂ ನಮ್ಮ ಪರವಾಗಿ ಹೇಳೀತೆಂದು ಒಂದು ಆಸೆಯಿತ್ತು. ಮೂರು ವರ್ಷದ ಹಿಂದೆ ಲೈಸೆನ್ಸಿನ ಅವಧಿ ಮುಗಿಯಲು ಬಂತು. ಹೊಸದಾಗಿಸಲು ಡಾಕ್ಟರ ಸರ್ಟಿಫಿಕೇಟು ಬೇಕು. ನಾವಿಬ್ಬರೂ ಒಳಗೊಳಗೇ ಖುಷಿಪಟ್ಟು, ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಡಾಕ್ಟರು ಮಾವನವರನ್ನು ಕಂಡ ಕೂಡಲೇ ಎದ್ದು ಬಂದು ಕಾಲು ಮುಟ್ಟಿದರು, ತಮ್ಮ ಕುರ್ಚಿಯಲ್ಲೇ ಕೂಡ್ರಿಸಿದರು, ತಾವು ನಿಂತರು. ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಕನ್ನಡ ಅಕ್ಷರಗಳ ತಖ್ತೆ ಇತ್ತು. ಡಾಕ್ಟರು ಒಮ್ಮೆ ಅದನ್ನು ನೋಡಿದರು, ಒಮ್ಮೆ ಮಾವನವರನ್ನು ನೋಡಿದರು. ಆಮೇಲೆ ನಮ್ಮ ಮನೆಯವರನ್ನು ಬದಿಗೆ ಕರೆದು, ತಮಗೆ ಅಕ್ಷರ ಕಲಿಸಿದವರಿಗೆ ಅಕ್ಷರ ಓದಿ ತೋರಿಸಿರೆಂದು ಯಾವ ಬಾಯಿಂದ ಹೇಳಲಿ ಎಂದು ಕೇಳಿದರು. ಸರ್ಟಿಫಿಕೇಟಿನ ಮೇಲೆ ಸಿಕ್ಕಾ ಬಿತ್ತು. ಮಾವನವರು ಆಶೀರ್ವಾದ ಮಾಡಿ, ಕಾರು ಹತ್ತಿ, ಡಾಕ್ಟರರ ಮೆಟ್ಟಿಲಿಗೆ ಹಿಂದಿನ ಬಂಪರು ತಾಗಿಸಿ, ಮನೆಗೆ ಬಂದರು.

ನಿಜವಾದ ಗಂಡಾಂತರ ಹೆದ್ದಾರಿ ದಾಟುವಲ್ಲಿ. ನಮ್ಮೂರಿನ ರಸ್ತೆ ಅಲ್ಲಿ ಹುಬ್ಬಳ್ಳಿ–ಗದಗ ರಸ್ತೆಯನ್ನು ಅಡ್ಡ ದಾಟಿ ಆಚೆ ಹೋಗುತ್ತದೆ. ದೀಪವಿಲ್ಲ, ಪೊಲೀಸರಿಲ್ಲ. ಎಡಬದಿಗೆ ಖಾದರಸಾಬನ ಪಂಕ್ಚರ್ ಅಂಗಡಿ. ಖಾದರನೂ ಮಾವನವರ ಶಿಷ್ಯನೇ, ಐವತ್ತು ದಾಟಿದವನು. ನಮ್ಮ ಕಾರು ಅಲ್ಲಿಗೆ ಬರುವ ಹೊತ್ತಿಗೆ ಅವನು ಕೆಲಸ ಬಿಟ್ಟು ರಸ್ತೆಗೆ ಬಂದು ಕೈ ಎತ್ತುತ್ತಿದ್ದ. ಮಾವನವರು ಅವನ ಕಡೆ ತಿರುಗಿ, ಎರಡೂ ಕೈ ಜೋಡಿಸಿ, ಮುಖದ ತುಂಬ ನಗುತ್ತ ಹೆದ್ದಾರಿ ದಾಟುತ್ತಿದ್ದರು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಎಷ್ಟೋ ತಿಂಗಳು ಏನೂ ಆಗದಿದ್ದದ್ದು ದೇವರ ದಯೆಯೆಂದೇ ತಿಳಿದಿದ್ದೆ. ಒಂದು ದಿನ ಧೈರ್ಯ ಮಾಡಿ ಕಣ್ಣು ತೆರೆದು ನೋಡಿದರೆ, ಖಾದರನ ಎತ್ತಿದ ಕೈಯಲ್ಲಿ ಕೆಂಪು ಅರಿವೆ ಇತ್ತು. ಅವನ ಆಚೆ ಎರಡೂ ಬದಿಗೆ ಲಾರಿಗಳು ನಿಂತಿದ್ದವು.

ಸಂಜೆ ಬರುವಾಗ ನನಗೆ ಬಸ್ಸಿತ್ತು. ಅದನ್ನು ಆ ದಾಟಿನಲ್ಲೇ ಕಾಯಬೇಕಿತ್ತು. ಅಂದು ಖಾದರನನ್ನು ಕೇಳಿದೆ. ಅವನು ಟ್ಯೂಬು ನೀರಿನಲ್ಲಿ ಅದ್ದುತ್ತ, ತಲೆ ಎತ್ತದೆ ಒಪ್ಪಿಕೊಂಡ. ಒಂದು ಸಲ ಗುರುಗಳ ಕಾರು ಬಸ್ಸಿನ ಮೂಗಿಗೆ ಸಿಗುವುದು ಸ್ವಲ್ಪದರಲ್ಲಿ ತಪ್ಪಿದ್ದನ್ನು ಕಂಡಂದಿನಿಂದ ಹೀಗೆ ಮಾಡುತ್ತಿದ್ದಾನಂತೆ. ನಾನು ಕಣ್ಣು ಮುಚ್ಚಿದ್ದರಿಂದ ಆ ಬಸ್ಸನ್ನು ಕಂಡಿರಲಿಲ್ಲ. ಗುರುಗಳಿಗೆ ಮಾತ್ರ ಹೇಳಬೇಡಿರೆಂದು ಬೇಡಿಕೊಂಡ. ಬರೀ ಅವನೊಬ್ಬನೇ ಅಲ್ಲವೆಂದೂ ಆಗ ತಿಳಿಯಿತು. ಒಂಬತ್ತೂಕಾಲಿಗೆ ಕುರಿಯವರು ಹಿಂಡನ್ನು ಹೊಲಕ್ಕಿಳಿಸುತ್ತಾರೆ, ಗಿರಣಿಯ ಮುಂದಿನ ಬೈಕುಗಳು ಒಳಗೆ ಹೋಗುತ್ತವೆ, ತಾಯಂದಿರು ಮಕ್ಕಳನ್ನು ಕಟ್ಟೆಯ ಮೇಲೆ ಎತ್ತಿ ಕೂಡ್ರಿಸುತ್ತಾರೆ. ಊರಿಗೆ ಊರೇ ದಾರಿ ಬಿಟ್ಟುಕೊಟ್ಟು, ಬಾಯಿ ಮುಚ್ಚಿಕೊಂಡು ನಿಂತಿತ್ತು. ಮಾರನೆಯ ದಿನ ಮತ್ತೆ ಹೋಗಿ ಅದೇ ಸೀಟಿನಲ್ಲಿ ಕೂತೆ.

ಹೋದ ವರ್ಷ ಒಂದು ಸಂಜೆ ಖಾದರನೇ ಬಸ್ಸಿನ ಹತ್ತಿರ ಬಂದು, ಮರುದಿನ ಅಕ್ಕನ ಮಗಳ ಮದುವೆಗೆ ಗುಡಗೇರಿಗೆ ಹೋಗುವುದಿದೆ, ಅಂಗಡಿ ಬಂದ್, ಗುರುಗಳನ್ನು ಒಂದು ದಿನ ಹೇಗಾದರೂ ಮನೆಯಲ್ಲಿ ನಿಲ್ಲಿಸಿಕೊಳ್ಳಿರಿ ಎಂದ. ನಾನು ಆಗಲಿ ಎಂದೆ. ಮನೆಗೆ ಬಂದು ರೊಟ್ಟಿ ಬಡಿಯುವ ತನಕ ಮಾತು ಜೋಡಿಸಿಕೊಂಡೆ. ಆಮೇಲೆ ಕಂಬದ ಹತ್ತಿರ ನಿಂತು, ನಾಳೆ ಎಂಟರ ಬಸ್ಸಿಗೇ ಹೋಗುವುದು ಚಲೋ ಎಂದು ಕಂಬಕ್ಕೆ ಹೇಳಿದೆ. ಮಾವನವರು ತಾಟಿನಿಂದ ತಲೆ ಎತ್ತಿ, ತಾವು ಗಟ್ಟಿಯಾಗಿ ಇರುವಾಗ ಸೊಸೆ ಯಾಕೆ ಗೇಟಿನ ಮುಂದೆ ನಿಲ್ಲಬೇಕು ಎಂದು ಕೇಳಿದರು. ಕಂಬಕ್ಕೆ ಉತ್ತರ ತಿಳಿಯಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ; ಒಂದು ದಿನಕ್ಕೆ ಏನಾಗುತ್ತದೆ ಎಂದು ಹೇಳಿ ಅವರು ಮಲಗಿದರು. ನಾನು ಜ್ವರ ಬಂದಿದೆ ಎಂದು ಹೇಳಿ ರಜೆ ಹಾಕಬಹುದಿತ್ತು. ಒಂಬತ್ತನೇ ತರಗತಿಗೆ ಪರೀಕ್ಷೆ ಇತ್ತು. ಇಷ್ಟು ಸಣ್ಣ ಕಾರಣಕ್ಕೆ ನಾನು ಮರುದಿನ ಬೆಳಿಗ್ಗೆ ಆ ಕಾರು ಹತ್ತಿದೆ.

ಆ ದಿನದ ದಾರಿಯಲ್ಲಿ ನನಗೆ ಏನೇನು ಹೊಳೆಯಿತೆಂದು ಹೇಳಿದರೆ ನೀವು ನಕ್ಕೀರಿ. ಕಾರು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ರಸ್ತೆಯ ಮೇಲೆ ಯಾರಾದರೂ ಕಡಲೆ ಹರವಿರಲಿ ಎಂದು ಹರಕೆ ಹೊತ್ತೆ. ಟಾರು ಕನ್ನಡಿಯ ಹಾಗೆ ಸ್ವಚ್ಛವಿತ್ತು. ದೂರದಲ್ಲಿ ಹೆದ್ದಾರಿ ಕಂಡಿತು. ಖಾದರನ ಅಂಗಡಿಯ ಬಾಗಿಲು ಮುಚ್ಚಿತ್ತು. ಮಾವನವರು ಎಂದಿನಂತೆ ಎಡಕ್ಕೆ ತಿರುಗಿ ಖಾದರನನ್ನು ಹುಡುಕಿದರು. ಕಾಣಲಿಲ್ಲ. ಒಳಗಿದ್ದಾನು, ಈಗ ಬಂದಾನು ಎಂದು ಕಾಯುವವರ ಹಾಗೆ ಅತ್ತ ಕಡೆಯೇ ನೋಡುತ್ತ, ಕೈ ಅರ್ಧಕ್ಕೆ ಎತ್ತಿದರು. ಬಲಕ್ಕೆ, ಬಲಿಯದ ಪೊರೆಯ ಕಣ್ಣಿನ ಬದಿಗೆ, ಹತ್ತಿಯ ಮೂಟೆ ಹೇರಿದ ಲಾರಿ ಹುಬ್ಬಳ್ಳಿಯ ಕಡೆಯಿಂದ ಬರುತ್ತಿತ್ತು. ಅದರ ತೂಕ, ವೇಗ, ನಿಲ್ಲಲು ಬೇಕಾದ ದೂರ, ಎಲ್ಲ ನನಗೆ ಒಂದೇ ಸಲಕ್ಕೆ ಗೊತ್ತಾಯಿತು. ಸಾಯುತ್ತೇವೆ ಎಂದು ಗೊತ್ತಾಯಿತು.

“ಮಾವಾರ, ನಿಂದರಸ್ರಿ.”

ಅದು ನನ್ನ ದನಿಯೇ ಎಂದು ತಿಳಿಯಲು ನನಗೇ ಹೊತ್ತು ಹಿಡಿಯಿತು. ನಲವತ್ತು ಮಕ್ಕಳ ಗದ್ದಲ ಅಡಗಿಸುವ ದನಿ, ಶಾಲೆಯಲ್ಲಿ ಬಿಟ್ಟು ಬೇರೆಲ್ಲೂ ತೆಗೆಯದ್ದು, ಆ ಸಣ್ಣ ಕಾರಿನೊಳಗೆ ಹೊರಬಿತ್ತು. ಮಾವನವರ ಕಾಲು ಬ್ರೇಕಿನ ಮೇಲೆ ಬಿತ್ತು. ನಾನು ಮುಂದಿನ ಸೀಟಿಗೆ ಹಣೆ ಬಡಿಸಿಕೊಂಡೆ. ಲಾರಿ ಬದಿಯ ಮಣ್ಣಿಗಿಳಿದು, ದೊಡ್ಡದಾಗಿ ಹಾರ್ನು ಒದರುತ್ತ, ನಮ್ಮ ಮುಂದಿನ ನಂಬರ್ ಪ್ಲೇಟನ್ನು ಕಿತ್ತುಕೊಂಡು ಹೋಯಿತು. ಎದ್ದ ಧೂಳು ಗಾಜಿನ ಮೇಲೆಲ್ಲ ಇಳಿಯಿತು. ಕಾರು ಬಂದ್ ಬಿದ್ದಿತ್ತು. ಮಾವನವರ ಟೋಪಿ ಕಾಲ ಬಳಿ ಬಿದ್ದಿತ್ತು. ಅವರು ಅದನ್ನು ಎತ್ತಿಕೊಳ್ಳದೆ ಖಾದರನ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಆಮೇಲೆ ಖಾದರ ಎಲ್ಲಿ ಎಂದು ಕೇಳಿದರು. ಹೇಳಿದೆ. ದಿನಾ ತಮಗೆ ಶರಣು ಮಾಡಲು ಹೊರಗೆ ಬರುತ್ತಿದ್ದನಲ್ಲ ಎಂದರು. ಇನ್ನು ಮುಚ್ಚಿಡುವ ಶಕ್ತಿ ನನಗಿರಲಿಲ್ಲ. ಕೆಂಪು ಅರಿವೆ, ಕುರಿಹಿಂಡು, ಗಿರಣಿಯ ಬೈಕುಗಳು, ಕಟ್ಟೆಯ ಮೇಲಿನ ಮಕ್ಕಳು, ಎಲ್ಲವನ್ನೂ ಹೇಳಿದೆ. ಗಾಜಿಗಲ್ಲ, ಅವರಿಗೇ ಹೇಳಿದೆ. ಅವರು ತಿರುಗಿ ನನ್ನ ಮುಖ ನೋಡಿದರು. ಸಿಟ್ಟು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

“ನಿನಗ ಗೊತ್ತಿತ್ತು,” ಎಂದರು.

“ಹೌದ್ರಿ.”

“ಮತ್ತ ದಿನಾ ಬಂದು ಕುಂದರತಿದ್ದೆಲ್ಲವಾ ಗಿರಿಜವ್ವ. ಕಲತಾಕಿ, ಸಾಲಿ ಕಲಸೂವಾಕಿ, ಸುಮ್ಮನ ಬಂದು ಕುಂದರತಾಳಂದ್ರ ನನ್ನ ಗಾಡಿ ನೆಟ್ಟಗ ಹೊಂಟೈತಿ ಅಂತ ತಿಳಕೊಂಡಿದ್ದೆ.”

ನನಗೆ ಅಳು ಬಂತು. ಡಾಕ್ಟರು ಕೊಟ್ಟದ್ದು ಒಂದು ಸರ್ಟಿಫಿಕೇಟು. ನಾನು ದಿನಕ್ಕೊಂದರಂತೆ ಏಳು ವರ್ಷ ಕೊಟ್ಟಿದ್ದೆ. ಮರ್ಯಾದೆ ಎಂದುಕೊಂಡು ನಾನು ಮಾಡಿದ್ದು ಆ ಮುದುಕರನ್ನು ಒಂಟಿಯಾಗಿ ಲಾರಿಯ ಎದುರಿಗೆ ಬಿಡುವ ಕೆಲಸ. ಅವರು ಕೀಲಿಕೈ ತೆಗೆದು ನನ್ನ ಕೈಯಲ್ಲಿಟ್ಟರು. ಅಷ್ಟರಲ್ಲಿ ನಾಲ್ಕೈದು ಮಂದಿ ಬೈಕು ನಿಲ್ಲಿಸಿ ಬಂದು, ಕಾರನ್ನು ಹಿಂದಕ್ಕೆ ತಳ್ಳಿ ಹೆದ್ದಾರಿಯಿಂದ ಬಿಡಿಸಿದರು. ಶರಣ್ರೀ ಗುರುಗಳ ಎಂದರು. ಮಾವನವರು ಕೈ ಎತ್ತಲಿಲ್ಲ.

ಆಮೇಲಿನ ಹದಿನೈದು ದಿನ ಮಾವನವರು ಪಡಸಾಲೆಯಿಂದ ಇಳಿಯಲಿಲ್ಲ. ಟೋಪಿ ಗೂಟದ ಮೇಲೇ ಇತ್ತು. ಖಾದರ ಸುದ್ದಿ ಕೇಳಿ ಓಡಿಬಂದು, ತಾನು ಮದುವೆಗೆ ಹೋದದ್ದೇ ತಪ್ಪೆಂದು ಅವರ ಕಾಲು ಹಿಡಿದುಕೊಂಡು ಕೂತ. ಮಾವನವರು ಅವನ ಬೆನ್ನು ಸವರಿದರು, ಮದುವೆ ಹೇಗಾಯಿತೆಂದು ಕೇಳಿದರು. ಇವರನ್ನು ಬದುಕಿಸಲು ಹೋಗಿ ಅರ್ಧ ಕೊಂದೆನೇ ಎಂದು ನನಗೆ ಒಂದು ಕಡೆ, ಉಳಿದೆವಲ್ಲ ಎಂದು ಇನ್ನೊಂದು ಕಡೆ. ನಾನು ಎಂಟರ ಬಸ್ಸಿಗೆ ಹೋಗಿ ಗೇಟಿನ ಮುಂದೆ ನಾಯಿಗಳ ಜೊತೆ ನಿಲ್ಲುತ್ತಿದ್ದೆ. ಹದಿನಾರನೆಯ ದಿನ ಮಾವನವರು ಟೋಪಿ ಹಾಕಿಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕಾರು ನಿಂತಲ್ಲೇ ತುಕ್ಕು ಹಿಡಿಯುತ್ತದೆ, ಬಾ, ನೀನು ಕಲಿ ಎಂದರು. ನಾನು ಐವತ್ತೆರಡರವಳು, ಸ್ಕೂಟರಿನಿಂದ ಬಿದ್ದವಳು, ಎಲ್ಲಕ್ಕೂ ಹೆದರುವವಳು. ಆದರೆ ಆ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಹೀಗೆ ನೋಡಿರಿ, ನಾನು ಏನೂ ಕಲಿತಿರಲಿಲ್ಲ.

ಅಣ್ಣಿಗೇರಿಯಲ್ಲಿ ಹಣ ಕೊಟ್ಟು ಹದಿನೈದು ದಿನ ಕಲಿತು, ಲೈಸೆನ್ಸು ತೆಗೆಸಿದೆ. ಆ ಕಲಿಕೆಯನ್ನು ಮಾವನವರು ಲೆಕ್ಕಕ್ಕೇ ಹಿಡಿಯಲಿಲ್ಲ. ಈಗ ದಿನಾ ಬೆಳಿಗ್ಗೆ ನಾನು ಸ್ಟೇರಿಂಗು ಹಿಡಿಯುತ್ತೇನೆ, ಅವರು ಮುಂದಿನ ಎಡ ಸೀಟಿನಲ್ಲಿ ಕೂರುತ್ತಾರೆ. ದಾಟಿನಲ್ಲಿ ಇಳಿದು, ಸಂಜೆ ನಾನು ಮರಳಿ ಬರುವ ತನಕ ಖಾದರನ ಅಂಗಡಿಯಲ್ಲಿ ಕೂತು, ಬಂದವರಿಗೆಲ್ಲ ಎರಡೂ ಕೈಯಿಂದ ಶರಣಾರ್ಥಿ ಹೇಳುತ್ತಾರೆ. ಈಗ ಅವರ ಕೈಗಳು ಖಾಲಿ, ಯಾರಿಗೂ ಅಪಾಯವಿಲ್ಲ. ಆದರೆ ಆ ದಾಟಿನ ತನಕ ನಾನು ಅವರ ವಿದ್ಯಾರ್ಥಿ. ಕ್ಲಚ್ಚು ತಡವಾಗಿ ಒತ್ತಿದರೆ ಹೇಳುತ್ತಾರೆ, ಗೇರು ಕರಕರ ಅಂದರೆ ಹೇಳುತ್ತಾರೆ, ಎಮ್ಮೆಯ ಬಾಲಕ್ಕೆ ಕಾರು ಸವರಿದರೆ ನಿಲ್ಲಿಸಿ ಇಳಿಸಿ ತೋರಿಸುತ್ತಾರೆ. ಮೂವತ್ತೈದು ವರ್ಷ ಮಗ್ಗಿ ಒಪ್ಪಿಸಿಕೊಂಡ ಗಂಟಲು ಅದು. ನಾನು ಹಿಂದೆ ಕೂತು ಏಳು ವರ್ಷದಲ್ಲಿ ಹೇಳದ್ದನ್ನೆಲ್ಲ ಅವರು ಒಂದೇ ವಾರದಲ್ಲಿ ನನಗೆ ಹೇಳಿ ಮುಗಿಸಿದರು. ಮೊದಲು ಕಿರಿಕಿರಿಯಾಯಿತು. ಆಮೇಲೆ ರೂಢಿಯಾಗಿ, ಆ ಬೈಗುಳವಿಲ್ಲದೆ ಗಾಡಿ ಹೊಡೆಯಲು ನನಗೆ ಧೈರ್ಯವೇ ಬರದಂತಾಯಿತು.

ಈಗ ಒಂದು ವಾರದಿಂದ ಮಾವನವರು ಏನೂ ಹೇಳುತ್ತಿಲ್ಲ. ಸುಮ್ಮನೆ ನೇರಕ್ಕೆ ನೋಡುತ್ತ ಕೂತಿರುತ್ತಾರೆ. ನನಗೆ ಗಾಡಿ ಹೊಡೆಯಲು ಬಂತೆಂದು ಬಿಟ್ಟುಬಿಟ್ಟರೇನೋ ಎಂದು ಎರಡು ದಿನ ಹಿಗ್ಗಿದೆ. ಮೂರನೆಯ ದಿನ ನೋಡಿದರೆ, ಜೀವನದಲ್ಲಿ ಒಂದು ದಿನವೂ ಸೀಟ್ ಬೆಲ್ಟ್ ಹಾಕಿಕೊಳ್ಳದವರು ಅದನ್ನು ಎಳೆದು, ಎರಡು ಸಲ ಜಗ್ಗಿ ನೋಡಿ, ಸಿಕ್ಕಿಸಿಕೊಳ್ಳುತ್ತಿದ್ದರು. ನನ್ನ ಗಾಡಿ ಹೇಗೆ ಹೊರಟಿದೆ ಎಂದು ಅವರನ್ನು ಕೇಳಿಬಿಡಬೇಕು. ದಿನಾ ಬೆಳಿಗ್ಗೆ ಕೇಳಬೇಕೆಂದೇ ಕೀಲಿಕೈ ತಿರುಗಿಸುತ್ತೇನೆ. ಆದರೆ ಅವರು ಮಾಸ್ತರರು, ಕೇಳಿದರೆ ಹೇಳಿಬಿಡುತ್ತಾರೆ.